ತೀರಿಕೊಂಡವರು ಕಳಿಸಿದ ಲಂಗರು

"ಕುಂಞಿ ಮೋನಾಕ ಇದ್ದಾರಾ?"

ಅರಂತೋಡಿನ ಪಂಪ್ ರಿಪೇರಿ ಅಂಗಡಿಯ ಮೆಟ್ಟಿಲಲ್ಲಿ ನಿಂತು ಶಮೀನಾ ಕೇಳಿದಳು. ಒಳಗೆ ಯಾರೂ ಕಾಣಲಿಲ್ಲ. ಪಕ್ಕದ ಹೋಟೆಲಿನ ಶೀನಪ್ಪ ಚಾ ಗ್ಲಾಸನ್ನು ಮೇಜಿನ ಮೇಲಿಟ್ಟು ಅವಳನ್ನೇ ನೋಡಿದರು.

"ನೀವು ಎಲ್ಲಿಂದ ಬಂದದ್ದಮ್ಮ? ನಿಮಗೆ ಗೊತ್ತಿಲ್ವಾ? ಮೋನಾಕ ತೀರಿಕೊಂಡು ಏಳು ತಿಂಗಳಾಯ್ತಲ್ಲ!"

ಶಮೀನಾ ಮೆಟ್ಟಿಲಿಳಿದು ಅವರ ಹತ್ತಿರ ಬಂದಳು.

"ಇಲ್ಲ... ಸಾಧ್ಯವೇ ಇಲ್ಲ! ನಿನ್ನೆ ಸಂಜೆ ಅವರು ನನಗೆ ಲಂಗರು ಕಳಿಸಿದ್ದಾರೆ!"

"ಎಂತ? ಲಂಗರಾ?"

ಶೀನಪ್ಪ ಕಕ್ಕಾಬಿಕ್ಕಿಯಾದರು. ಅರಂತೋಡಿನಲ್ಲಿ ಸಮುದ್ರ ಇಲ್ಲ, ಹಡಗೂ ಇಲ್ಲ. ಬಿಸಿಲಿಗೆ ಈ ಹುಡುಗಿಯ ತಲೆ ಕೆಟ್ಟಿರಬೇಕು ಎಂದುಕೊಂಡು ಅಂಗಡಿಯ ಕಡೆ ತಿರುಗಿ ಕೂಗಿದರು.

"ಓ ಶಿಹಾಬ್! ಸ್ವಲ್ಪ ಹೊರಗೆ ಬಾ ಮಾರಾಯ. ಯಾರೋ ನಿನ್ನ ತಂದೆಯನ್ನು ಕೇಳ್ತಿದ್ದಾರೆ."

ಬಿಚ್ಚಿಟ್ಟ ಮೋಟರಿನ ಹಿಂದಿನಿಂದ ಒಬ್ಬ ಯುವಕ ಎದ್ದು ಬಂದ. ಕೈಯಲ್ಲಿ ತಾಮ್ರದ ತಂತಿಯ ಸುರುಳಿ, ಕೆನ್ನೆಯ ಮೇಲೆ ಗ್ರೀಸ್.

"ಯಾರು ನೀವು?"

"ನಾನು ಕಬಕದ ಸಫಿಯಮ್ಮನ ಮಗಳು... ಶಮೀನಾ."

ಸುರುಳಿ ಅವನ ಕೈಯಿಂದ ಜಾರಿ ಬಿತ್ತು. ಮುಖದಲ್ಲಿ ರಕ್ತವೇ ಇರಲಿಲ್ಲ.

ಆ ಮುಖ ನೋಡಿದ್ದೇ ತಡ, ಶಮೀನಾಳಿಗೆ ಎಲ್ಲ ಅರ್ಥವಾಗಿ ಹೋಯಿತು. ಇಷ್ಟು ದಿನ ತಾನು ಮಾತಾಡಿದ್ದು ಮೋನಾಕನ ಹತ್ತಿರ ಅಲ್ಲ... ಇವನ ಹತ್ತಿರ!

ಕಥೆ ಶುರುವಾದದ್ದು ಒಂದು ಗೇಮಿನಿಂದ. ಮೊಬೈಲಿನಲ್ಲಿ ಪೇಟೆ ಕಟ್ಟುವ ಗೇಮ್. ಹೊಲ, ಬೇಕರಿ, ರೈಲ್ವೆ ಸ್ಟೇಷನ್ ಎಲ್ಲ ಕಟ್ಟಿದ ಮೇಲೆ ಮ್ಯೂಸಿಯಂ ಕಟ್ಟಬೇಕು. ಮ್ಯೂಸಿಯಮ್ಮಿಗೆ ಹಳೆ ಕಾಲದ ವಸ್ತುಗಳನ್ನು ಹುಡುಕಿ ಸೆಟ್ ಮಾಡಬೇಕು, ಒಂದು ಸೆಟ್ಟಿಗೆ ಐದು. ಎರಡೆರಡು ಸಿಕ್ಕಿದರೆ ಗುಂಪಿನವರೊಳಗೆ ಬದಲಾಯಿಸಿಕೊಳ್ಳಬಹುದು, ಜೊತೆಗೆ ನಾಲ್ಕು ಮಾತು ಬರೆಯಲೂ ಜಾಗ ಉಂಟು. ಪುತ್ತೂರು, ಸುಳ್ಯ, ಕಡಬದ ಇಪ್ಪತ್ತು ಜನ ಸೇರಿಕೊಂಡಿದ್ದ ಗುಂಪಿನಲ್ಲಿ ಶಮೀನಾಳ ಉಮ್ಮ ಸಫಿಯಮ್ಮನೂ ಇದ್ದರು.

ಕಣ್ಣಿನ ಪೊರೆಯ ಆಪರೇಷನ್ ಆದ ಮೇಲೆ ಉಮ್ಮ ಫೋನು ಬದಿಗಿಟ್ಟರು. ಕಟ್ಟಿದ ಪೇಟೆ ಹಾಳು ಬೀಳುವುದು ಬೇಡ ಎಂದು ಶಮೀನಾ ಅದೇ ಹೆಸರಿನಲ್ಲಿ ಆಡತೊಡಗಿದಳು. ಗುಂಪಿನವರಿಗೆ ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲೂ ಇಲ್ಲ.

ಅದೇ ಗುಂಪಿನ ಕುಂಞಿ ಮೋನು, ಎಲ್ಲರ ಬಾಯಲ್ಲಿ ಮೋನಾಕ, ಮೊದಮೊದಲು ಸಲಾಂ ಬಿಟ್ಟರೆ ಬೇರೆ ಮಾತೇ ಇಲ್ಲದವರು. ಒಮ್ಮೆ ಹತ್ತು ದಿನ ಪತ್ತೆಯೇ ಇರಲಿಲ್ಲ. ತಿರುಗಿ ಬಂದವರು ಮಾತು ಕಲಿತೇ ಬಂದಿದ್ದರು! ದಿಕ್ಸೂಚಿ ಕಳಿಸಿದರೆ ನಾಲ್ಕು ಸಾಲು, ದುರ್ಬೀನು ಕಳಿಸಿದರೆ ಎಂಟು ಸಾಲು. 'ನನ್ನ ಮಗ ಶಿಹಾಬನಿಗೆ ಕೋಪ ಸ್ವಲ್ಪ ಜಾಸ್ತಿ, ಆದರೆ ಸುಳ್ಳು ಹೇಳುವವನಲ್ಲ' ಎಂದು ಒಮ್ಮೆ ಬರೆದಿದ್ದರು. ಅರಂತೋಡಿನ ಪಂಪ್ ರಿಪೇರಿ ಅಂಗಡಿಯ ಸುದ್ದಿಯೂ ಬರುತ್ತಿತ್ತು.

ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ ಶಮೀನಾ ಈ ಹಿರಿಯರ ಮುಂದೆ ಮನಸ್ಸು ಬಿಚ್ಚಿದ್ದಳು. ಉಮ್ಮನ ಹೆಸರಿನಲ್ಲೇ! 'ದುಬೈಯ ಸಫೀರನ ಮನೆಯವರು ಆದಿತ್ಯವಾರ ಬರ್ತಾರೆ. ಮಗಳಿಗೆ ಈ ಸಂಬಂಧ ಮನಸ್ಸಿಲ್ಲ. ಹೇಳ್ಲಿಕ್ಕೆ ಧೈರ್ಯ ಇಲ್ಲ ಅವಳಿಗೆ' ಎಂದು ಬರೆದದ್ದು ಮೊನ್ನೆ.

ನಿನ್ನೆ ಉತ್ತರ ಬಂದಿತ್ತು. 'ಹಳೆ ಬಂದರು' ಸೆಟ್ಟಿನ ಐದನೆಯ ವಸ್ತು, ಇಡೀ ಗುಂಪಿನಲ್ಲಿ ಒಂದೇ ಒಂದು ಇದ್ದ ಲಂಗರು! ಅದರ ಜೊತೆ ಒಂದು ಮಾತು.

'ಬದಲಿಗೆ ಏನೂ ಬೇಡ ಸಫಿಯಮ್ಮ. ನಿಮ್ಮ ಮಗಳನ್ನು ನನ್ನ ಮಗ ಶಿಹಾಬನಿಗೆ ಕೊಡ್ತೀರಾ?'

ಇವರಲ್ಲಿ ಹೆಣ್ಣು ಕೇಳುವುದು ಹಿರಿಯರ ಬಾಯಿಂದಲೇ. ಹಿರಿಯರೇ ಕೇಳಿದ್ದಾರೆ! ಆ ಮಗ ಹೇಗಿದ್ದಾನೆಂದು ನೋಡದೆ ಆದಿತ್ಯವಾರ ಹೇಗೆ ಉತ್ತರ ಕೊಡುವುದು? ಸುಳ್ಯದ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವ ಶಮೀನಾ ಅರ್ಧ ದಿನ ರಜೆ ಹಾಕಿ ಬಸ್ಸು ಹತ್ತಿದ್ದಳು. ಈಗ ಆ ಮಗ ಎದುರಿಗೇ ನಿಂತಿದ್ದ.

"ನೀವೇ ಅಲ್ವಾ ಬರೆದದ್ದು?" ಎಂದಳು ಅವಳು. "ತೀರಿಕೊಂಡ ತಂದೆಯ ಹೆಸರಲ್ಲಿ ಹೆಣ್ಣು ಕೇಳುದಾ? ನಾಚಿಕೆ ಆಗುದಿಲ್ವಾ ನಿಮಗೆ?"

"ಒಂದು ನಿಮಿಷ... ನಾನು ಹೇಳುದು ಕೇಳಿ..."

"ಎಂತ ಕೇಳುದು? ಸುಳ್ಳು ಹೇಳುವವನಲ್ಲ ಅಂತ ನಿಮಗೆ ನೀವೇ ಸರ್ಟಿಫಿಕೇಟ್ ಕೊಟ್ಟದ್ದಾ?"

ಶಿಹಾಬ್ ತಲೆ ತಗ್ಗಿಸಿದ. ಶೀನಪ್ಪ ಚಾ ಮಾಡುವುದನ್ನೇ ಮರೆತು ನಿಂತಿದ್ದರು. ಶಮೀನಾ ಮತ್ತೆ ತಿರುಗಿ ನೋಡದೆ ಸುಳ್ಯದ ಬಸ್ಸಿಗೆ ಹತ್ತಿಬಿಟ್ಟಳು.

ಕಿಟಕಿ ಪಕ್ಕ ಕೂತ ಮೇಲೆ ಅಳು ತಡೆಯಲಾಗಲಿಲ್ಲ. ಅಳು ಯಾರಿಗಾಗಿ? ಮೋನಾಕನಿಗಾಗಿಯಾ? ಮೋಸ ಹೋದ ತನಗಾಗಿಯಾ? ಅದೂ ಗೊತ್ತಿರಲಿಲ್ಲ ಪಾಪದ ಹುಡುಗಿಗೆ. ಅರ್ಧ ದಾರಿಯಲ್ಲಿ ಇನ್ನೊಂದು ಯೋಚನೆ ಬಂದು ಅವಳ ಕಣ್ಣೀರೇ ನಿಂತುಹೋಯಿತು.

'ಅವನನ್ನು ಬೈದೆ. ನಾನು ಮಾಡಿದ್ದೆಂತ? ಉಮ್ಮನ ಹೆಸರಲ್ಲಿ ನಾನೂ ಅದನ್ನೇ ಮಾಡಿದ್ದಲ್ವಾ? ಅವನಿಗೆ ಅದು ಗೊತ್ತೂ ಇಲ್ಲ!'

ಎರಡು ದಿನ ಅವಳು ಗೇಮ್ ತೆರೆಯಲಿಲ್ಲ. ಉಮ್ಮ ಮಾತ್ರ ಆದಿತ್ಯವಾರಕ್ಕೆ ಬಿರಿಯಾನಿ ಅಕ್ಕಿ, ತುಪ್ಪ ತರಿಸುವ ಗಡಿಬಿಡಿಯಲ್ಲಿದ್ದರು.

ಶನಿವಾರ ಹತ್ತು ಗಂಟೆಗೆ ಕಬಕದ ಮನೆಯೆದುರು ರಿಕ್ಷಾ ನಿಂತಿತು. ಅಡುಗೆಮನೆಯಿಂದ ಇಣುಕಿದ ಶಮೀನಾ ಕಲ್ಲಾದಳು. ಇಸ್ತ್ರಿ ಹಾಕಿದ ಅಂಗಿಯಲ್ಲಿ ಶಿಹಾಬ್! ಜೊತೆಯಲ್ಲಿ ಬುರ್ಖಾ ತೊಟ್ಟ ಹೆಂಗಸು. ಅವನ ಉಮ್ಮನೇ ಇರಬೇಕು.

'ಯಾ ಅಲ್ಲಾ... ಇವರು ಇಲ್ಲಿಗೆ ಯಾಕೆ ಬಂದದ್ದು!'

ಅವಳು ಬಾಗಿಲ ಪರದೆಯ ಹಿಂದೆ ಸರಿದು ನಿಂತಳು.

"ಕುಂಞಿ ಮೋನು ಅಂತ ಅರಂತೋಡಿನವರು, ನಿಮಗೆ ಗುರ್ತ ಉಂಟಲ್ವಾ? ನಾನು ಅವರ ಮನೆಯವಳು, ರಮ್ಲತ್," ಎಂದಿತು ಹೆಂಗಸಿನ ದನಿ. "ಇವ ಮಗ. ನಿಮ್ಮ ಹತ್ತಿರ ತಪ್ಪಾಯ್ತು ಹೇಳ್ಬೇಕಂತೆ. ನನಗೆ ಗೊತ್ತಾದದ್ದೇ ನಿನ್ನೆ."

"ಅತ್ತೆ," ಎಂದ ಶಿಹಾಬ್. "ಉಪ್ಪ ತೀರಿಕೊಂಡು ಹತ್ತನೇ ದಿನ ಅವರ ಫೋನು ಬಂದ್ ಮಾಡ್ಲಿಕ್ಕೆ ಕೈಗೆ ತಗೊಂಡೆ. ಆಗ ನಿಮ್ಮ ಮೆಸೇಜ್ ಇತ್ತು. 'ಮೋನಾಕ, ಎಲ್ಲಿ ಹೋದ್ರಿ? ಹುಷಾರುಂಟಲ್ಲ?' ಅಂತ. ಮಯ್ಯತ್ತು ನೋಡ್ಲಿಕ್ಕೆ ಬಂದವರೆಲ್ಲ ನೀನು ಗಟ್ಟಿ ಇರ್ಬೇಕು ಅಂತಲೇ ಹೇಳಿ ಹೋದದ್ದು. ಹುಷಾರುಂಟಾ ಅಂತ ಯಾರೂ ಕೇಳಿರ್ಲಿಲ್ಲ. ನನಗೆ ಬಂದ್ ಮಾಡ್ಲಿಕ್ಕೆ ಆಗ್ಲಿಲ್ಲ ಅತ್ತೆ. ಹುಷಾರುಂಟು ಅಂತ ಬರೆದುಬಿಟ್ಟೆ."

ಪರದೆಯ ಹಿಂದೆ ಶಮೀನಾ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

"ಮತ್ತೆ ನಿಜ ಹೇಳ್ಲಿಕ್ಕೆ ಹೆದರಿಕೆ. ಹೇಳಿದ್ರೆ ನೀವು ಮಾತಾಡುದು ನಿಲ್ಲಿಸ್ತೀರಿ ಅಂತ. ನಿಮ್ಮ ಮಗಳ ಬಗ್ಗೆ ಓದ್ತಾ ಓದ್ತಾ... ನನ್ನ ಪರವಾಗಿ ಹೆಣ್ಣು ಕೇಳ್ಲಿಕ್ಕೆ ಉಪ್ಪ ಇಲ್ಲ ಅಲ್ವಾ? ಅವರು ಇದ್ದಿದ್ರೆ ಅವರೇ ಕೇಳ್ತಿದ್ರು ಅಂತ ಗ್ರಹಿಸಿ ಬರೆದೆ. ತಪ್ಪು ನನ್ನದೇ. ಏಳು ತಿಂಗಳು ನಿಮ್ಮ ಹತ್ತಿರ ಮಾತಾಡಿದ್ದು ನಾನೇ. ಮಾಪು ಮಾಡಿ."

ಸಫಿಯಮ್ಮ ಕನ್ನಡಕ ಸರಿಮಾಡಿಕೊಂಡು ಅವನನ್ನೇ ನೋಡಿದರು.

"ನನ್ನ ಹತ್ತಿರವಾ? ಎಂತ ಹೇಳುದು ಮಗಾ ನೀನು? ನಾನು ಆ ಗೇಮ್ ಬಿಟ್ಟು ವರ್ಷ ಆಯ್ತಲ್ಲ!"

ಶಿಹಾಬ್ ಕೂತಲ್ಲಿಂದ ಎದ್ದ.

"ನೀವು ಅಲ್ಲದಿದ್ರೆ... ನನ್ನ ಹತ್ತಿರ ಮಾತಾಡಿದ್ದು ಯಾರು?"

ಇನ್ನು ಅಡಗಿ ನಿಂತರೆ ತನ್ನನ್ನು ತಾನೇ ಕ್ಷಮಿಸಲಾರೆ ಎನಿಸಿತು ಶಮೀನಾಳಿಗೆ. ಪರದೆ ಸರಿಸಿ ಹೊರಗೆ ಬಂದಳು.

"ನಾನು."

"ನೀವಾ?!"

"ಮೊದಲಿಂದಲೂ ನಾನೇ. ಅಂಗಡಿಯೆದುರು ಅಷ್ಟೆಲ್ಲ ಬೈದೆ. ನನ್ನ ಸುಳ್ಳು ಮಾತ್ರ ಹೇಳ್ಲಿಲ್ಲ."

"ಹಾಗಾದ್ರೆ ಹುಷಾರುಂಟಲ್ಲ ಅಂತ ಕೇಳಿದ್ದು...?"

"ನಾನೇ."

"ಮಗಳು ಅಪ್ಪಟ ಚಿನ್ನ, ಸಿಕ್ಕಿದವರು ಪುಣ್ಯವಂತರು ಅಂತ ಬರೆದದ್ದು?"

ಶಮೀನಾ ನೆಲ ನೋಡಿದಳು. "ಅದೂ... ನಾನೇ."

ರಮ್ಲತ್ ಫಕ್ಕನೆ ನಕ್ಕುಬಿಟ್ಟರು. ಗಂಡ ಹೋದ ಮೇಲೆ ತನ್ನ ಉಮ್ಮ ಹೀಗೆ ನಕ್ಕದ್ದನ್ನು ಶಿಹಾಬ್ ನೋಡಿಯೇ ಇರಲಿಲ್ಲ. ಸಫಿಯಮ್ಮನಿಗೆ ಮಾತ್ರ ನಗು ಬರಲಿಲ್ಲ. ಅವರು ಮಗಳನ್ನೇ ನೋಡುತ್ತಿದ್ದರು.

"ನಾಳೆ ಬರುವವರ ಬಗ್ಗೆಯೂ ಇವನಿಗೆ ಬರೆದಿದ್ದೀಯಾ? ಎಂತ ಬರೆದದ್ದು ನೀನು?"

"ಮಗಳಿಗೆ ಮನಸ್ಸಿಲ್ಲ ಅಂತ."

"ಊರಿನವರಿಗೆ ಹೇಳ್ಲಿಕ್ಕೆ ಧೈರ್ಯ ಉಂಟು. ನನಗೆ ಹೇಳ್ಲಿಕ್ಕೆ ಇಲ್ವಾ ಶಮೀನಾ?"

"ನಿಮಗೆ ಬೇಜಾರಾಗ್ತದೆ ಅಂತ ಹೆದರಿದೆ ಉಮ್ಮಾ..."

ಸಫಿಯಮ್ಮನ ಕಣ್ಣು ತುಂಬಿತು. ಕನ್ನಡಕ ತೆಗೆದು ಒರೆಸಿಕೊಂಡರು.

"ಈಗ ನಿನ್ನ ಬಾಯಲ್ಲೇ ಹೇಳು. ಅವರಿಗೆ ಬರ್ಬೇಡಿ ಅಂತ ಫೋನು ಮಾಡುದಾ?"

ಶಮೀನಾ ಒಮ್ಮೆ ಶಿಹಾಬನನ್ನು ನೋಡಿದಳು. ಅವಳ ಕಣ್ಣಲ್ಲೂ ನೀರು.

"ಮಾಡಿ ಉಮ್ಮಾ."

ಸಫಿಯಮ್ಮ ಫೋನು ಹುಡುಕಿಕೊಂಡು ಒಳಗೆ ಹೋದರು. ರಮ್ಲತ್ ಎಷ್ಟು ಜಾಣೆಯೆಂದರೆ, "ನೀರು ಕುಡಿಯುವಾ" ಎನ್ನುತ್ತ ಅವರ ಹಿಂದೆಯೇ ನಡೆದರು. ಬಾಗಿಲು ಮಾತ್ರ ತೆರೆದೇ ಇತ್ತು.

"ಉಪ್ಪನ ಹೆಸರಲ್ಲಿ ಕೇಳಿದ್ದು ತಪ್ಪು," ಎಂದ ಶಿಹಾಬ್ ಮೆಲ್ಲನೆ. "ಈಗ ನಾನೇ ಕೇಳುದು. ನನ್ನನ್ನು ಮದುವೆ ಆಗ್ತೀರಾ?"

"ಕೋಪ ಜಾಸ್ತಿ ಅಂತ ಬರೆದಿದ್ರಿ. ನಿಜವಾ?"

"ನಿಜ. ಮೊನ್ನೆಯಿಂದ ಪೂರಾ ನನ್ನ ಮೇಲೇ ಉಂಟು."

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

"ಆಗ್ತೇನೆ. ಇದು ಸಫಿಯಮ್ಮ ಹೇಳುದಲ್ಲ... ನಾನು ಹೇಳುದು."

ಅವನು ಒಂದು ಹೆಜ್ಜೆ ಮುಂದೆ ಬಂದ.

"ಶಮೀನಾ..."

ಇಷ್ಟು ತಿಂಗಳಲ್ಲಿ ಅವನು ಅವಳನ್ನು ಅವಳ ಹೆಸರಿನಿಂದ ಕರೆದದ್ದು ಇದೇ ಮೊದಲು. ಅವಳು ಕಣ್ಣೊರೆಸಿಕೊಂಡು ತಲೆಯೆತ್ತಿದಳು.

"ಇನ್ನೊಮ್ಮೆ ಕರೀರಿ."