ಬಾಯಿ ಬಿಡದ ಶಾಹಿಸ್ತಾ

“ಅಜ್ಜಾರ, ಸ್ವಲ್ಪ ನಡದು ತೋರಸ್ರಿ,” ಅಂದರು ಡಾಕ್ಟರಮ್ಮ.

ಯಮನೂರಸಾಬ ಖುರ್ಚಿಯಿಂದ ಎದ್ದ. ಇಸ್ತ್ರಿ ಅಂಗಿ, ಬಿಳಿ ಟೋಪಿ, ಕಿವಿಯಲ್ಲಿ ಅತ್ತರಿನ ಹತ್ತಿ. ಮದುಮಗನ ಹಾಗೆ ಎದೆ ಉಬ್ಬಿಸಿ ಗೋಡೆಯ ತನಕ ಹೋಗಿ ಬಂದ.

“ಏಕದಂ ಬರೋಬ್ಬರಿ ಅದೀನ್ರಿ ಮೇಡಂ!”

ಮೂಲೆಯಲ್ಲಿ ನಿಂತಿದ್ದ ಮೊಮ್ಮಗಳು ಶಾಹಿಸ್ತಾ ಕಣ್ಣರಳಿಸಿದಳು. ಬೆಟಗೇರಿಯ ಮನೆಯಲ್ಲಿ ದಾದಾ ಹೀಗೆ ನಡೆಯುವುದೇ ಇಲ್ಲ! ಹೋದ ವರ್ಷ ಅವನಿಗೆ ಲಕ್ವಾ ಹೊಡೆದಿತ್ತು. ಕೈ ಸರಿಹೋಯಿತು. ಈಗೀಗ ಕಾಲು ಮಾತ್ರ ನೆಲಕ್ಕೆ ಅಂಟಿದಂತೆ ಎಳೆಯುತ್ತಾನೆ. ಮೊನ್ನೆ ಹೊಸ್ತಿಲು ಎಡವಿ ಬಿದ್ದದ್ದನ್ನು ನೋಡಿದವಳು ಶಾಹಿಸ್ತಾ ಒಬ್ಬಳೇ.

“ಡಾಕ್ಟರ್ ಮುಂದ ಬಾಯಿ ಬಿಡಬ್ಯಾಡ. ದವಾಖಾನ್ಯಾಗ ಮಲಗಿಸಿಬಿಡ್ತಾರ ನನ್ನ,” ಎಂದು ದಾದಾ ಆಣೆ ಮಾಡಿಸಿಕೊಂಡಿದ್ದ.

ಡಾಕ್ಟರಮ್ಮ ರಿಪೋರ್ಟ್ ನೋಡಿದರು. “ರಕ್ತದಾಗ ಒಂದೆರಡು ಅಂಶ ಜಾಸ್ತಿ ಬಂದಾವ. ಮೆದುಳಿನ ಸಣ್ಣ ಸಣ್ಣ ರಕ್ತನಾಳ ಕೆಡಾಕ ಹತ್ತಿದ್ರ ಹಿಂಗ ಬರಬಹುದು. ಆದ್ರ ರಕ್ತ ಎಲ್ಲಾ ಹೇಳಂಗಿಲ್ಲ. ಮನ್ಯಾಗ ಕಾಲು ಎಳೀತೈತೇನು? ಬಿದ್ದೀರೇನು?”

“ಛೇ, ನಾ ಬೀಳೂದ? ಇಲ್ಲಿಂದ ಮುಂಡರಗಿ ತನಕ ಓಡಂದ್ರ ಓಡ್ತೀನ್ರಿ!”

“ಹಂಗಾರ ಹಳೇ ಗುಳಿಗೀನ ಇರಲಿ.” ಡಾಕ್ಟರಮ್ಮ ಪೆನ್ನು ತೆಗೆದುಕೊಂಡರು. “ಇನ್ನೊಮ್ಮೆ ಲಕ್ವಾ ಹೊಡೀಬಾರದು ನೋಡ್ರಿ, ಅದಕ್ಕ ಕೇಳಿದೆ.”

ಇನ್ನೊಮ್ಮೆಯಾ? ಶಾಹಿಸ್ತಾ ದಾದಾನ ಕಾಲು ನೋಡಿದಳು. ಆಣೆ ಮುರಿಯುವಂತಿಲ್ಲ. ಸುಮ್ಮನಿರುವಂತೆಯೂ ಇಲ್ಲ.

ಹೆಡ್‌ಮಾಸ್ತರರ ‘ಆಕ್ಷೀ’ ಸೀನಿನಿಂದ ಹಿಡಿದು ನವಿಲಿನ ಕೂಗಿನ ತನಕ ಅವಳಿಗೆ ಬಾರದ ಮಿಮಿಕ್ರಿ ಇರಲಿಲ್ಲ. ತುಟಿ ಬಿಗಿಹಿಡಿದು ಕೋಣೆಯ ನಡುವೆ ಬಂದಳು. ಮೊಣಕಾಲು ಬಗ್ಗಿಸಿದಳು. ಸರ್ರ್, ಸರ್ರ್ ಎಂದು ಗೇಣುದ್ದದ ಹೆಜ್ಜೆ. ತಿರುಗುವಲ್ಲಿ ಗಕ್ಕನೆ ನಿಂತು ಟೇಬಲ್ ಹಿಡಿದುಕೊಂಡಳು. ಇಲ್ಲದ ಹೊಸ್ತಿಲಿಗೆ ಕಾಲು ಎತ್ತಲು ಹೋಗಿ... ಧಪ್!

“ಬಾಯಿ ಬಿಡಬ್ಯಾಡ ಅಂದಿದ್ನಲ್ಲ ಲೇ!” ದಾದಾ ಕೂಗಿದ.

“ಎಲ್ಲಿ ಬಿಟ್ಟೀನಿ ದಾದಾ?”

ಡಾಕ್ಟರಮ್ಮ ಗೊಳ್ಳೆಂದು ನಕ್ಕರು. ದಾದಾ ಮೆಲ್ಲಗೆ ಕುಳಿತ. “ಖರೆ ಐತ್ರಿ ಮೇಡಂ. ಬಿದ್ದಿದ್ದೆ. ಅಡ್ಮಿಟ್ ಮಾಡ್ತೀರೇನು?”

“ಅಡ್ಮಿಟ್ ಯಾಕ್ರಿ? ಇನ್ನೊಂದು ಸ್ಕ್ಯಾನ್ ಮಾಡಿಸೂಣು. ಬಿಪಿ ಗುಳಿಗಿ ಬದಲಿ ಮಾಡ್ತೀನಿ. ಇಲ್ಲೇ ನಡಿಯೂ ವ್ಯಾಯಾಮ ಕಲಿಸ್ತಾರ, ಬರ್ರಿ. ಜಲ್ದಿ ಗೊತ್ತಾತು, ಚಲೋ ಆತು.”

ಹೊರಗೆ ಬಂದ ದಾದಾ ಹಿಂದೆ ನೋಡದೆ ಮುಂದೆ ನಡೆದ. ಸಿಟ್ಟಾಗಿದ್ದಾನೆಂದು ಶಾಹಿಸ್ತಾ ಹಿಂದೆಯೇ ಉಳಿದಳು. ಮೆಟ್ಟಿಲ ಹತ್ತಿರ ಅವನು ನಿಂತು ತಿರುಗಿದ.

“ಬಾ ಬೇಟಿ. ಹೆಗಲು ಕೊಡು.”

ಅವನು ಅವಳ ಹೆಗಲನ್ನು ಗಟ್ಟಿಯಾಗಿ ಹಿಡಿದು, ಮೊದಲ ಮೆಟ್ಟಿಲಿಗೆ ಕಾಲು ಇಡುವ ಮುನ್ನ ಎರಡು ಸಲ ಕೆಳಗೆ ನೋಡಿದ. ದಾದಾ ಇಷ್ಟು ದಿನ ಒಬ್ಬನೇ ಅಂಜಿಕೊಂಡಿದ್ದ ಎಂದು ಅವಳಿಗೆ ಆಗ ಹೊಳೆಯಿತು.

ಕೆಳಗೆ ಔಷಧಿ ಅಂಗಡಿಯ ಪಾಳಿಯಲ್ಲಿ ನಿಂತಿದ್ದ ಅಜ್ಜಿ ಫಕೀರಬಿ ಕೂಗಿದಳು, “ಏನಂದ್ರು ಡಾಕ್ಟರು?”

“ಈಕಿ ದೆಸಿಂದ ಬಚಾವಾದೆ,” ಅಂದ ದಾದಾ.

ಶಾಹಿಸ್ತಾ ದಾದಾನ ಕಾಲು ಕೆಳಗಿನ ಮೆಟ್ಟಿಲಿಗೆ ಗಟ್ಟಿಯಾಗಿ ಊರುವ ತನಕ ಕಾದು, ಆಮೇಲೆ ತಾನೂ ಇಳಿದಳು.