ಅಡುಗೆಮನೆಯ ಬೋಳು ಗೋಡೆ

ಸೋಮವಾರ ಬೆಳಗ್ಗೆ ಹತ್ತೂವರೆಗೆ ಠಾಣೆಗೆ ಬಂದ ದೂರು ಬೆರಳಚ್ಚಾಗಿತ್ತು, ಚೊಕ್ಕವಾಗಿತ್ತು. ಅದನ್ನು ತಂದ ಮನೆಯೊಡತಿಯ ಕಣ್ಣು ಒಣಗಿತ್ತು. ಹೊಸದಾಗಿ ಮಾಡಿಸಿದ ಅಡುಗೆಮನೆಯಲ್ಲಿ ಶನಿವಾರ ಪಾತ್ರೆ ತೊಳೆಯುವ ಯಂತ್ರ ಮುಟ್ಟಿದ ಅಡುಗೆಯಾಕೆ ಕರೆಂಟು ಹೊಡೆದು ಸತ್ತಿದ್ದಳು. ಯಂತ್ರಕ್ಕೆ ಹೋಗುವ ಕರೆಂಟನ್ನು ಪೂರ್ತಿ ಕಡಿದುಹಾಕುವ ಐಸೊಲೇಟರ್ ಸ್ವಿಚ್ಚನ್ನು ವೈರಿಂಗ್ ಮಾಡಿದವನು ಹಾಕಿಯೇ ಇಲ್ಲ, ಅವನೇ ಹೊಣೆ ಎಂಬುದು ದೂರು. ಎಫ್‌ಐಆರ್ ದಾಖಲಾಯಿತು.

ವೈರಿಂಗ್ ಮಾಡಿದ ಎಲೆಕ್ಟ್ರಿಷಿಯನ್ ತನ್ನನ್ನು ಹುಡುಕುವ ಕಷ್ಟವನ್ನೂ ಕೊಡಲಿಲ್ಲ. ತಾನೇ ಬಂದು ಇನ್ಸ್‌ಪೆಕ್ಟರ್ ಮೇಜಿನೆದುರು ತಲೆ ತಗ್ಗಿಸಿ ನಿಂತ.

“ತಪ್ಪು ನಂದೇ ಮೇಡಂ. ಮರೆತುಬಿಟ್ಟೆ.”

“ಎಷ್ಟು ಸ್ವಿಚ್ಚು ಮರೆತೆ?”

“ಮೂರು.”

“ಕರೆಂಟ್ ಒಲೆ, ಓವನ್, ಪಾತ್ರೆ ತೊಳೆಯೋ ಮಷೀನು. ಮೂರಕ್ಕೂ?”

“ಹೂಂ.”

ಬಾಗಿಲಲ್ಲಿದ್ದ ದಫೇದಾರ ನಕ್ಕ. “ಗುಂಡಿ ಮರೆಯೋ ದರ್ಜೀನ ನೋಡಿದೀನಿ ಮೇಡಂ. ಕತ್ತು ತೂರಿಸೋ ಜಾಗಾನೇ ಮರೆಯೋನ್ನ ಇವತ್ತೇ ನೋಡ್ತಿರೋದು.”

ಆ ಒಂದು ‘ಮರೆತೆ’ ನಿಂತರೆ ಸಾಕು, ಕೇಸು ಸಂಜೆಯೊಳಗೆ ಮುಗಿದು ಅವನು ಜೈಲು ಸೇರುತ್ತಿದ್ದ. ಇಷ್ಟು ಸಲೀಸಾಗಿ ತಲೆ ಕೊಡುವವನ ಬೆನ್ನ ಹಿಂದೆ ಇನ್ಯಾರೋ ಇರುತ್ತಾರೆಂದು ಇನ್ಸ್‌ಪೆಕ್ಟರ್‌ಗೆ ಅನ್ನಿಸಿತು. ಅವನನ್ನೂ ಜೀಪು ಹತ್ತಿಸಿದಳು.

ಎರಡೂವರೆಗೆ ಆ ಅಡುಗೆಮನೆಯಲ್ಲಿ ಪಂಚನಾಮೆ ಶುರುವಾಯಿತು. ಬಿಳಿ ಕಲ್ಲಿನ ಕಟ್ಟೆ, ಅದರ ಮೇಲೆ ಸಿಪ್ಪೆ ಸುಲಿದ ಮೊಟ್ಟೆಯಂಥ ನುಣುಪು ಗೋಡೆ. ಕಟ್ಟಡದ ಕಾವಲುಗಾರ ಹೇಳಿಕೆ ಕೊಟ್ಟ: “ಒಂದೇ ಕೂಗು ಕೇಳಿಸ್ತು. ಓಡಿಬಂದೆ. ಆಯಮ್ಮ ಮಷೀನಿಗೆ ಅಂಟ್ಕೊಂಡಿದ್ಲು. ಕುರುಡನ ಹಂಗೆ ಈ ಗೋಡೆಯೆಲ್ಲಾ ತಡವಿದೆ. ಸ್ವಿಚ್ಚೇ ಇಲ್ಲ! ಕೆಳಗೋಡಿ ಕಟ್ಟಡದ ಮೇನ್ ತೆಗೆಯೋ ಹೊತ್ತಿಗೆ...”

“ನೋಡಿದ್ರಾ?” ಎಂದಳು ಮನೆಯೊಡತಿ. “ಒಂದಾದ್ರೂ ಹಾಕಿದಾನಾ ಇವನು?” ಮತ್ತೆ ಕಟ್ಟೆಯ ಬಳಿ ನಿಂತಿದ್ದವಳತ್ತ ತಿರುಗಿ, “ಬಂದವರಿಗೆ ಟೀ ಇಡು.”

ಸತ್ತವಳ ಜಾಗಕ್ಕೆ ಭಾನುವಾರವೇ ಹೊಸಬಳು ಬಂದಾಗಿತ್ತು. ಆಕೆ ಪಾತ್ರೆಗೆ ನೀರು ತುಂಬಿ ಒಲೆಯ ಮೇಲಿಟ್ಟು ಗುಂಡಿ ಒತ್ತಿದಳು. ಒಲೆ ಹತ್ತಲಿಲ್ಲ. ತೋಟಕ್ಕೆ ನೀರು ಬಿಡಿಸುವವಳ ಹಾಗೆ ಸಹಜವಾಗಿ ಕೂಗಿದಳು:

“ಅಮ್ಮಾ, ಒಲೆಗೆ ಬಿಡಿ!”

“ಎಲ್ಲಿಂದ ಬಿಡ್ತಾರಮ್ಮ?” ಇನ್ಸ್‌ಪೆಕ್ಟರ್ ಮೆಲ್ಲಗೆ ಕೇಳಿದಳು.

ಹೊಸಬಳು ಗದ್ದವೆತ್ತಿ ಮಲಗುವ ಕೋಣೆ ತೋರಿಸಿದಳು. ಅದಕ್ಕೆ ಬೀಗ. ಬೀಗದ ಕೈ ಮನೆಯೊಡತಿಯ ಸೊಂಟದಲ್ಲಿ. ಬಾಗಿಲು ತೆಗೆಸಿ ನೋಡಿದರೆ, ಬಟ್ಟೆಯ ಬೀರುವಿನೊಳಗೆ, ರೇಷ್ಮೆ ಸೀರೆಗಳ ಹಿಂದೆ, ಸಾಲಾಗಿ ಮೂರು ಸ್ವಿಚ್ಚುಗಳಿದ್ದವು.

ಎಲೆಕ್ಟ್ರಿಷಿಯನ್ ಇನ್ಸ್‌ಪೆಕ್ಟರ್ ಕಡೆ ತಿರುಗಿದ. “ಕಟ್ಟೆ ಮೇಲೇ ಹಾಕ್ತೀನಿ ಅಂದೆ ಮೇಡಂ, ಕೈಗೆ ಸಿಗಬೇಕು ಅಂತಾನೂ ಅಂದೆ. ಅಮ್ಮಾವ್ರು ಕೇಳ್ಲಿಲ್ಲ. ಮರೆತೆ ಅಂತ ಹೇಳು, ವಕೀಲರನ್ನ ನಾನಿಡ್ತೀನಿ, ಇಲ್ಲಾಂದ್ರೆ ಈ ಕಟ್ಟಡದಲ್ಲಿ ನಿಂಗೆ ಕೆಲಸಾನೇ ಇಲ್ಲ ಅಂದ್ರು.”

“ಹೇಳಿದ್ದಕ್ಕೆಲ್ಲ ತಲೆಯಾಡಿಸಿದೆ. ನೀನೂ ಆರೋಪಿನೇ,” ಎಂದಳು ಇನ್ಸ್‌ಪೆಕ್ಟರ್. ಹಾಗೆನ್ನುವಾಗ ಅವಳ ಬಾಯಿ ಕಹಿಯಾಯಿತು.

“ನಮ್ಮ ಮನೆ, ನಮ್ಮ ಕರೆಂಟು,” ಮನೆಯೊಡತಿ ದನಿಯೇರಿಸಿದಳು. “ಅವತ್ತು ನಾನು ಮನೇಲೇ ಇರ್ಲಿಲ್ಲ!”

“ನಾನು ಹೇಳ್ತಿರೋದೂ ಅದೇ. ಮಷೀನಿಗೆ ಕರೆಂಟು ಬಿಟ್ರಿ, ಕೋಣೆಗೆ ಬೀಗ ಜಡಿದು ಹೋದ್ರಿ. ಅವಳು ಯಾವುದನ್ನ ಆರಿಸ್ಬೇಕಿತ್ತು?”

ಸಂಜೆ ಐದಕ್ಕೆ ನಿರ್ಲಕ್ಷ್ಯದ ಸಾವು, ಸುಳ್ಳು ದೂರು ಎಂಬ ಆರೋಪಗಳ ಮೇಲೆ ಮನೆಯೊಡತಿಯ ಬಂಧನವಾಯಿತು. ಜೀಪಿನಲ್ಲಿ, ಯಾರೂ ಕೇಳದೆಯೇ, ಮನೆಯೊಡತಿ ಬಾಯಿಬಿಟ್ಟಳು.

“ನಾವು ಹೊರಗೆ ಹೋದಾಗ ಸತ್ತೋದ ಆ ಅಡುಗೆಯವಳು ತನ್ನ ಊಟದ ಡಬ್ಬೀನ ನಮ್ಮ ಓವನ್‌ನಲ್ಲಿ ಬಿಸಿ ಮಾಡ್ಕೋತಿದ್ಲು. ಒಂದಿನ ವಾಸನೆ ಬಂತು, ಗೊತ್ತಾಯ್ತು. ಅವಳು ತಿನ್ನೋದೂ ನಾವು ತಿನ್ನೋದೂ ಒಂದೇ ಓವನ್‌ನಲ್ಲಾ? ಅದಕ್ಕೇ ಅಡುಗೆಮನೆ ಹೊಸದು ಮಾಡಿಸೋವಾಗ ಸ್ವಿಚ್ಚು ಒಳಗೆ ಹಾಕಿಸ್ದೆ. ಇಷ್ಟೇ ನಾನು ಮಾಡಿದ್ದು.”

ಅವಳ ದನಿಯಲ್ಲಿ ಪಶ್ಚಾತ್ತಾಪದ ಸುಳಿವಿರಲಿಲ್ಲ, ಅನ್ಯಾಯಕ್ಕೊಳಗಾದವಳ ಅಳಲಿತ್ತು.

“ಇದನ್ನ ಹೇಳಿಕೇಲಿ ಬರೆಸ್ತೀನಿ,” ಎಂದಳು ಇನ್ಸ್‌ಪೆಕ್ಟರ್.

“ಬರೆಸಿ ಮೇಡಂ, ಧಾರಾಳವಾಗಿ ಬರೆಸಿ. ಮನೆ ನಡೆಸೋ ಯಾವ ಹೆಂಗಸು ಓದಿದ್ರೂ ನನ್ನನ್ನೇ ಒಪ್ತಾಳೆ.”