ಮೆಸಾನಿಗೆ ಯಾವ ಗೋತ್ರ?

"ಹೆಸರು? ಗೋತ್ರ?"

ಬಾಗಿಲು ತೆರೆದ ರಘುನಂದನನ ಬಾಯಿಂದ ಅಭ್ಯಾಸಬಲಕ್ಕೆ ಬಂದುಬಿಟ್ಟಿತು. ಅಪ್ಪನ ಜೊತೆ ನದಿಯ ಘಾಟಿನಲ್ಲಿ ಕನ್ನಡದ ಯಾತ್ರಿಕರಿಗೆ ಪಿಂಡ ಹಾಕಿಸುವವನು ಅವನು.

"ಮೈತ್ರೇಯಿ. ಶ್ರಾದ್ಧಕ್ಕೆ ಬಂದಿಲ್ಲ ಸ್ವಾಮಿ, ಮೇಲಿನ ರೂಮ್ ಬಾಡಿಗೆಗಿದೆಯಂತೆ?"

ಅವಳ ಎಡಹುಬ್ಬು ತುಸುವೇ ಮೇಲೇರಿತು. ಭೇಲೂಪುರದ ಆ ಇಕ್ಕಟ್ಟು ಗಲ್ಲಿಗೆ ಬಿಸಿಲು ಇಳಿದಂತಾಯಿತು ಅವನಿಗೆ.

ಒಳಗಿಂದ ಅಪ್ಪ ವೇದವ್ಯಾಸರೂ ಅದನ್ನೇ ಕೇಳಿದರು. ಅದು ಬಾಯ್ತಪ್ಪಾಗಿರಲಿಲ್ಲ.

"ಗೋತ್ರ ಇಲ್ಲ. ನಾವು ದಲಿತರು," ಎಂದಳು, ತಲೆಯೆತ್ತಿಯೇ.

ರೂಮ್ ಬೇರೆಯವರಿಗೆ ಕೊಟ್ಟಾಗಿದೆ ಎಂಬುದು ಅಪ್ಪನಿಗೆ ತಕ್ಷಣ ನೆನಪಾಯಿತು.

ರಘುನಂದನ ಬರಿಗಾಲಲ್ಲೇ ಗಲ್ಲಿಯ ತುದಿಯವರೆಗೆ ಓಡಿದ. "ಸುನಿಯೇ... ಒಂದ್ನಿಮಿಷ ಕೇಳಿ, ಕ್ಷಮಿಸಿ!"

"ಮೊದಲು ಕೇಳಿದ್ದು ನೀವೇ, ಪಂಡಿತ್‌ಜೀ."

ಅವಳಿಗೆ ಸಾರನಾಥದಲ್ಲಿ ರೂಮ್ ಸಿಕ್ಕಿತು. ಅವನಿಗೆ ಸಾರನಾಥದಲ್ಲಿ ಏನೇನೋ ಕೆಲಸಗಳು ಹುಟ್ಟಿಕೊಂಡವು. ಚಹಾದಂಗಡಿಯ ಬೆಂಚಿನ ಮೇಲೆ ಅವಳು ತನ್ನ ಭೌತಶಾಸ್ತ್ರ ಸಂಶೋಧನೆಯ ಮಾತೆತ್ತಿದರೆ ಅವನ ಮಣ್ಣಿನ ಕುಲ್ಹಡ್‌ನ ಚಹಾ ಆರಿಹೋಗುತ್ತಿತ್ತು.

"ಕಡಲಾಚೆಯ ಲ್ಯಾಬಲ್ಲಿ, ಒಂದೇ ದಿಕ್ಕಿಗೆ ಕಂಪಿಸೋ ಬೆಳಕನ್ನ ಪ್ರೋಟಾನ್ ಮೇಲೆ ಹಾಯಿಸ್ತೀವಿ. ಮೆಸಾನ್ ಅನ್ನೋ ಪುಟ್ಟ ಕಣ ಹುಟ್ಟುತ್ತೆ, ಹುಟ್ಟಿದ ಕೂಡಲೇ ಒಡೆದುಹೋಗುತ್ತೆ. ಬೆಳಕಿನ ದಿಕ್ಕು ಗೊತ್ತಿರೋದ್ರಿಂದ, ಚೂರುಗಳು ಹಾರಿದ ಕೋನ ನೋಡಿ ಆ ಮೆಸಾನ್ ಎಂಥದ್ದಿತ್ತು ಅಂತ ಇಲ್ಲಿ ಕೂತೇ ಹೇಳಬಹುದು."

ಒಂದೇ ದಿಕ್ಕಿನ ಬೆಳಕು. ತನ್ನ ಕಣ್ಣೂ ಈಗ ಒಂದೇ ದಿಕ್ಕಿಗೆ, ಅವಳತ್ತಲೇ, ತಿರುಗಿದೆ ಅಂದುಕೊಂಡ.

"ಮತಲಬ್... ಅಂದ್ರೆ, ಅದಕ್ಕೂ ಗೋತ್ರ ಇದೆ?"

ಅವಳು ಜೋರಾಗಿ ನಕ್ಕಳು. "ಇದೆ ಅನ್ನಿ. ಮಾಮೂಲಿ ಮೆಸಾನ್ ಅಂದ್ರೆ ಕ್ವಾರ್ಕು ಅನ್ನೋ ಇನ್ನೂ ಸಣ್ಣ ಕಣ, ಒಂದು ಪ್ರತಿಕ್ವಾರ್ಕು, ಇವೆರಡರ ಜೋಡಿ. ಆ ಜೋಡಿಗೆ ಯಾವ ಗುಣ ಬರಬಹುದು, ಯಾವುದು ಬರಕೂಡದು ಅಂತ ನಿಯಮ. ಆ ನಿಯಮಕ್ಕೆ ಸಿಗದೇ ಇರೋವೂ ಇರಬೇಕು. ನಾವು ಹುಡುಕೋದು ಅವನ್ನೇ."

"ಹುಡುಕಿ? ಹೊರಗೆ ಹಾಕೋಕಾ?"

"ಹೊರಗೆ ಹಾಕೋದು ನಿಮ್ಮ ಮನೇಲಿ. ಅಂಥದ್ದೊಂದು ಸಿಕ್ಕಿದ್ರೆ ನಮ್ಮಲ್ಲಿ ಹಬ್ಬ."

ಅವನ ಕಿವಿ ಕೆಂಪಾಯಿತು. ಇಷ್ಟು ಚೆಲುವಾಗಿ ಅವನನ್ನು ಯಾರೂ ಬೈದಿರಲಿಲ್ಲ.

"ಮೈತ್ರೇಯಿ, ನೀವಂದ್ರೆ ನನಗೆ..."

"ಇಲ್ಲಿ ಬೇಡ. ನಿಮ್ಮ ಮನೆಯ ಆ ಬಾಗಿಲಲ್ಲಿ ಹೇಳಿ."

ಮರುದಿನ ಇಬ್ಬರೂ ಅದೇ ಹೊಸ್ತಿಲ ಹೊರಗೆ ನಿಂತರು.

"ಅಪ್ಪಾ, ಇವರು ಒಪ್ಪಿದ್ರೆ ನಾನು ಮದುವೆ ಆಗೋದು ಇವರನ್ನೇ."

ವೇದವ್ಯಾಸರು ಅವಳತ್ತ ನೋಡಲೂ ಇಲ್ಲ. "ಗೋತ್ರ ಇಲ್ಲದವಳನ್ನಾ?"

"ಹಾಗಾದ್ರೆ ಇವತ್ತಿಂದ ನನಗೂ ಇಲ್ಲ."

ಬಾಗಿಲು ಮುಚ್ಚಿತು. ಈ ಸಲ ಅವನೂ ಹೊರಗಿದ್ದ.

ಮೈತ್ರೇಯಿ ತಿರುಗಿ ನೋಡಿದಳು. ಎಡಹುಬ್ಬು ಮೇಲೇರಿತು.

"ಹೆಸರು?"

"ರಘುನಂದನ."

ಮುಂದಿನ ಪ್ರಶ್ನೆಗೆ ಅವನು ಕಾದ.

"ಸಾಕು," ಎಂದು ಅವಳು ಅವನ ಕೈ ಹಿಡಿದಳು. "ನಡೀರಿ."